ಮಗ್ಗುಲು ಬದಲಿಸಿದವರು

ಜನವರಿ ೧೧

ಮಗಳಿಗೆ,

ಇಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಉಂಡು, ಮಲಗಿ, ಎದ್ದು ಓಡಾಡಿಕೊಂಡಿದ್ದೇವೆ. ನಿನ್ನ ಅಣ್ಣ ಎದ್ದು ಓಡಾಡುವುದಿಲ್ಲ, ಅದು ಹಳೆಯ ಸುದ್ದಿ. ನೀನೂ ಚೆನ್ನಾಗಿದ್ದೀಯೆಂದು ನಾನೇ ಅಂದುಕೊಳ್ಳಬೇಕು. ಅಷ್ಟುದ್ದದ ಪತ್ರದಲ್ಲಿ ನಿನ್ನ ಬಗ್ಗೆ ಒಂದು ಸಾಲೂ ಇಲ್ಲ, ಎಲ್ಲ ಆ ಸತ್ತವನ ಬಗ್ಗೆಯೇ.

ಪತ್ರಿಕೆಯಿಂದ ಕತ್ತರಿಸಿ ಕಳಿಸಿದ ಚಿತ್ರ ನೋಡಿದೆ. ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬ್ರಷ್ಷಿನಿಂದ ಮೂಳೆ ಒರೆಸುತ್ತಿದ್ದೀಯ. ತಲೆ ಬಾಚಿಕೊಂಡು ಗುಂಡಿಗೆ ಇಳಿಯಬಾರದೆಂದು ನಿಮ್ಮಲ್ಲಿ ನಿಯಮವಿದೆಯೇ? ಎದುರು ಅಂಗಡಿಯ ದರ್ಜಿ ಅದರ ಕೆಳಗಿದ್ದದ್ದನ್ನು ಓದಿ, "ನಿಮ್ಮ ಮಗಳು ಡಾಕ್ಟ್ರಾ?" ಎಂದು ಕೇಳಿದ. ಹೌದೆಂದೆ. "ಯಾವ ರೋಗಕ್ಕೆ?" ಎಂದ. "ಹಳೇ ರೋಗಕ್ಕೆ" ಎಂದೆ. ಇನ್ನೂ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಹಳೆಯ ಮೂಳೆಗಳಲ್ಲಿ ಯಾವ ಕಾಯಿಲೆ ಇತ್ತೆಂದು ಹುಡುಕುವುದಕ್ಕೂ ಸಂಬಳ ಕೊಡುತ್ತಾರೆಂದರೆ ಅವನು ನಂಬುವವನಲ್ಲ.

ನಿನ್ನ ಅಣ್ಣ ದೊರೆಗೆ ಪತ್ರ ಓದಿ ಹೇಳಿದೆ. ಅವನು ನಕ್ಕು, "ಪಂಡಿತೆ ಒಳ್ಳೇ ಡಾಕ್ಟರೇ ಕಣಮ್ಮಾ. ರೋಗಿ ಸತ್ತು ಎರಡು ಸಾವಿರ ವರ್ಷ ಆದ್ಮೇಲೆ ಬ್ಯಾಗು ಹಿಡ್ಕೊಂಡು ಬರ್ತಾಳೆ. ಔಷಧಿ ಕಹಿ ಅಂತ ಉಗಿಯೋರೂ ಇಲ್ಲ" ಎಂದ. ಎಂಟು ವರ್ಷದವನಿದ್ದಾಗ ಜ್ವರ ಬಂದು ಕಾಲು ಹೋದಮೇಲೆ ಮಲಗಿದಲ್ಲಿಂದಲೇ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದನಲ್ಲ, ಆಗ ನಿಮ್ಮಪ್ಪ ಇಟ್ಟ ಹೆಸರು ಈ ದೊರೆ. ಈಗ ಗಡ್ಡ ನರೆಯುತ್ತಿದೆ. ಅಪ್ಪಣೆ ನಿಂತಿಲ್ಲ.

ಇನ್ನು ನಿನ್ನ ಪ್ರಶ್ನೆ. ನೀನು ಅಗೆದು ತೆಗೆದವನೂ ಅಣ್ಣನ ಹಾಗೆ ವರ್ಷಗಟ್ಟಲೆ ಮಲಗಿದ್ದವನು, ಆದರೂ ಅವನ ಮೂಳೆಯಲ್ಲಿ ಹಾಸಿಗೆ ಹುಣ್ಣಿನ ಗುರುತು ಕಾಣುತ್ತಿಲ್ಲ, ಅದು ಹೇಗೆ ಸಾಧ್ಯ, ನೀನು ಅಣ್ಣನಿಗೆ ಏನು ಮಾಡುತ್ತೀಯ ಎಂದು ಕೇಳಿದ್ದೀಯ. ಅದೇ ಮನೆಯಲ್ಲಿ ಬೆಳೆದವಳು, ನೋಡಿಲ್ಲವೇ? ಪುಸ್ತಕದ ಹಿಂದೆ ಮುಖವಿಟ್ಟುಕೊಂಡಿದ್ದವಳಿಗೆ ಕಂಡಿರಲಿಕ್ಕಿಲ್ಲ. ಇರಲಿ, ಬರೆಯುತ್ತೇನೆ.

ನಾವು ಹಾಸಿಗೆ ಮಾಡಿ ಮಾರುವವರು. ಊರಿಗೆಲ್ಲ ಮಾಡುವಂಥ ಹಾಸಿಗೆ ಅವನಿಗೆ ಆಗಿಬರುವುದಿಲ್ಲ. ಅವನದು ಮೂರು ತುಂಡು. ಬೆನ್ನಿಗೊಂದು, ಸೊಂಟಕ್ಕೊಂದು, ಕಾಲಿಗೊಂದು. ಸೊಂಟದ ತುಂಡಿನ ಹತ್ತಿಯನ್ನು ಬೇರೆಯಾಗಿ ಹಿಂಜಬೇಕು, ಬಿಡಿಬಿಡಿಯಾಗಿ ತುಂಬಬೇಕು, ದಬ್ಬಣದ ಹೊಲಿಗೆ ದೂರದೂರ ಹಾಕಬೇಕು. ಗಂಟು ಚರ್ಮಕ್ಕೆ ತಾಗಬಾರದು. ಹಿಮ್ಮಡಿ ಯಾವತ್ತೂ ಹಾಸಿಗೆಯ ಮೇಲೆ ಊರಬಾರದು, ಕಾಲಿನ ತುಂಡಿಗೂ ಮಂಚದ ಅಂಚಿಗೂ ನಡುವಿನ ಸಂದಿಯಲ್ಲಿ ತೂಗಾಡುತ್ತಿರಬೇಕು. ಹಗಲಿರಲಿ ರಾತ್ರಿಯಿರಲಿ ಮಗ್ಗುಲು ಬದಲಿಸುತ್ತಲೇ ಇರಬೇಕು. ಮೊದಲು ಸೊಂಟ, ಆಮೇಲೆ ಭುಜ. ಎಳೆಯಬಾರದು. ಎಳೆದರೆ ಚರ್ಮ ಸುಲಿಯುತ್ತದೆ. ಎತ್ತಿ ಇಡಬೇಕು.

ಇದನ್ನು ಬೇರೆ ಯಾರಿಗೂ ನಾನು ಬಿಟ್ಟುಕೊಟ್ಟಿಲ್ಲ. ನಿನ್ನ ತಮ್ಮನ ಹೆಂಡತಿ "ನಾನೊಂದು ಸಲ ಮಾಡ್ಲಾ ಅತ್ತೆ?" ಎಂದು ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಒಳ್ಳೆಯ ಹುಡುಗಿಯೇ. ಆದರೆ ಪಾತ್ರೆ ಇಡುವ ಸದ್ದು ಕೇಳಿದರೇ ಗೊತ್ತಾಗುತ್ತದೆ, ಅವಳ ಕೈ ಬಿರುಸು. "ನಿನ್ನ ಗಂಡನ್ನ ನೋಡ್ಕೋ ಹೋಗು" ಎಂದು ಕಳಿಸುತ್ತೇನೆ.

ಫೋನ್ ಮಾಡು ಎಂದಿದ್ದೀಯ. ಅಂಗಡಿಯಲ್ಲಿ ಹತ್ತಿ ಹಿಂಜುವ ಯಂತ್ರದ ಸದ್ದಿನಲ್ಲಿ ನಾನು ಕೂಗಬೇಕು, ನೀನು ಕೂಗಬೇಕು. ಕೂಗಿ ಮಾತಾಡುವಂಥದ್ದು ನಮ್ಮ ನಡುವೆ ಏನೂ ಇಲ್ಲ. ಬರೆ.

ಅಮ್ಮ


ಜನವರಿ ೩೦

ಅಮ್ಮಾ,

ನಿನ್ನ ಪತ್ರವನ್ನು ನಮ್ಮ ಕೊಠಡಿಯಲ್ಲಿ ಗಟ್ಟಿಯಾಗಿ ಓದಿದೆ. ಹಿಮ್ಮಡಿ ಸಂದಿಯಲ್ಲಿ ತೂಗಾಡಬೇಕು ಎಂಬ ಕಡೆ ನಮ್ಮ ಮೇಲ್ವಿಚಾರಕರು ಕನ್ನಡಕ ತೆಗೆದು ಕೂತರು. "ನಿಮ್ಮ ತಾಯಿ ನರ್ಸಾ?" ಎಂದು ಕೇಳಿದರು. ಅಲ್ಲ, ಅವರು ಅಮ್ಮ ಎಂದೆ. ನಗಬೇಡ.

ನಾನು ಕೆಲಸ ಮಾಡುವುದು ಸಂಗ್ರಹಾಲಯದ ಹಿಂದಿನ ತಗಡಿನ ಕೊಠಡಿಯಲ್ಲಿ. ಉದ್ದದ ಮೇಜು, ಅದರ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಅವನು. ನಾವು ಅವನಿಗೆ ಹೆಸರಿಟ್ಟಿಲ್ಲ, ಆದರೆ ಮನಸ್ಸಿನಲ್ಲಿ ನಾನೂ ಅವನನ್ನು ದೊರೆ ಎಂದೇ ಕರೆಯುತ್ತೇನೆ, ಅಣ್ಣನಿಗೆ ಹೇಳಬೇಡ. ಅವನ ಬೆನ್ನುಮೂಳೆಯ ಮೂರು ಗೆಣ್ಣುಗಳು ಕರಗಿ ಒಂದಕ್ಕೊಂದು ಅಂಟಿ ಬೆನ್ನು ಮುಂದಕ್ಕೆ ಮಡಚಿಕೊಂಡಿದೆ. ಅದು ಬೆನ್ನಿಗಿಳಿದ ಕ್ಷಯ. ಹುಡುಗನಾಗಿದ್ದಾಗಲೇ ಬಂದಿರಬೇಕು, ಏಕೆಂದರೆ ಕಾಲಿನ ಮೂಳೆಗಳು ದಪ್ಪವಾಗಲೇ ಇಲ್ಲ. ಹಿಡಿದುಕೊಂಡರೆ ಬೆತ್ತದ ಹಾಗೆ ಹಗುರ. ಆದರೆ ಹಲ್ಲು ನೋಡಿದರೆ ನಲವತ್ತರ ಹತ್ತಿರ ಬದುಕಿದ್ದಾನೆ. ಅಷ್ಟು ವರ್ಷ ಯಾರೋ ಅವನಿಗೆ ಉಣಿಸಿದ್ದಾರೆ, ತೊಳೆದಿದ್ದಾರೆ, ಮಗ್ಗುಲು ಬದಲಿಸಿದ್ದಾರೆ.

ಅಲ್ಲೇ ಸ್ವಲ್ಪ ದೂರದಲ್ಲಿ ದನಗಳ ಎಲುಬಿನ ರಾಶಿ ಸಿಕ್ಕಿತು. ಹಸುಗಳ ಪಕ್ಕೆಲುಬಿನ ಒಳಮೈಯಲ್ಲೂ ಅದೇ ಕಾಯಿಲೆಯ ಗುರುತು. ಹಾಲಿನಿಂದ ಅವನಿಗೆ ಹತ್ತಿರಬಹುದು ಎಂದು ನಮ್ಮ ಊಹೆ.

ಇನ್ನೊಂದು ಸುದ್ದಿ. ಅವನ ಪಕ್ಕದಲ್ಲೇ ಒಬ್ಬ ಮುದುಕಿಯ ಗುಂಡಿ ಇದೆ. ಇಬ್ಬರಿಗೂ ಒಂದೇ ಜಾಗದ ಹಲ್ಲು ಹುಟ್ಟಿನಿಂದಲೇ ಇಲ್ಲ, ಹಾಗಾಗಿ ರಕ್ತಸಂಬಂಧ ಇರಬೇಕು. ತಾಯಿ ಎನ್ನಲು ನನಗೆ ಆಸೆ, ಎನ್ನಲು ಅಧಿಕಾರವಿಲ್ಲ. ಅವಳ ಬೆನ್ನಿನ ಕೆಳಭಾಗ ಪೂರ್ತಿ ಸವೆದಿದೆ. ಎಡ ಭುಜದ ಕೀಲು ಬಲದ್ದಕ್ಕಿಂತ ತುಂಬಾ ಸವೆದಿದೆ. ಅವಳು ಎಡಚಿಯಿರಬೇಕು ಎಂದು ನಾವು ಬರೆದುಕೊಂಡಿದ್ದೇವೆ.

ನನ್ನ ಬಗ್ಗೆ ಒಂದು ಸಾಲು ಬೇಕೆಂದೆಯಲ್ಲ. ಮನೆ ಬದಲಿಸಿದೆ. ಮೇಲಿನ ಮಹಡಿಯ ಮನೆ ಬಿಟ್ಟು ನೆಲದಂತಸ್ತಿನ ಮನೆ ಹಿಡಿದಿದ್ದೇನೆ. ಬಾಗಿಲುಗಳು ಅಗಲವಾಗಿವೆ. ಕಿಟಕಿ ತೆರೆದರೆ ಬೀದಿಯಲ್ಲಿ ಹೋಗಿಬರುವವರೆಲ್ಲ ಕಾಣುತ್ತಾರೆ, ಮಲಗಿದಲ್ಲಿಂದಲೂ.

ನಿನ್ನ ಮಗಳು


ಫೆಬ್ರವರಿ ೨೦

ಮಗಳಿಗೆ,

ಅವಳು ಎಡಚಿಯಲ್ಲ. ಅವನ ಹಾಸಿಗೆ ಗೋಡೆಗೆ ತಾಗಿಸಿ ಹಾಕಿತ್ತು, ಅಷ್ಟೇ. ಮಲಗಿದವನು ಆಚೆ ಉರುಳಬಾರದೆಂದು ಗೋಡೆಗೆ ಹಾಕುತ್ತಾರೆ. ಆಗ ಎತ್ತುವವಳು ಯಾವತ್ತೂ ಒಂದೇ ಕಡೆ ನಿಲ್ಲಬೇಕು. ಕಾಲಲ್ಲಿ ಭಾರವೇ ಇರುವುದಿಲ್ಲ, ಭಾರವೆಲ್ಲ ಮೈಯ ಮೇಲ್ಭಾಗದಲ್ಲಿ. ನಮ್ಮ ಮನೆಯಲ್ಲಿ ಅವನ ತಲೆ ನನ್ನ ಎಡಕ್ಕೆ, ಹಾಗಾಗಿ ಆ ಭಾರ ನನ್ನ ಎಡಗೈಯದು. ನಾನು ಬರೆಯುವುದೂ ಉಣ್ಣುವುದೂ ಬಲಗೈಯಲ್ಲೇ. ನನ್ನ ಎಡ ಭುಜ ಕೇಳು, ಹೇಳುತ್ತದೆ.

ಹಾಲಿನಿಂದ ರೋಗ ಬಂದಿರಬಹುದು ಎಂದು ಬರೆದಿದ್ದೀಯ. ಅದನ್ನು ಓದಿದಮೇಲೆ ಆ ಹೆಂಗಸಿನ ಬಗ್ಗೆಯೇ ಯೋಚಿಸುತ್ತಿದ್ದೆ. ಮಗ ಬಡಕಲಾಗಿದ್ದಾನೆಂದು ಇನ್ನೊಂದು ಲೋಟ ಹೆಚ್ಚಿಗೆ ಕುಡಿಸಿರುತ್ತಾಳೆ. ಪುಣ್ಯಕ್ಕೆ ನಿನ್ನಂಥ ಮಗಳು ಆಗ ಇರಲಿಲ್ಲ, ಅವಳಿಗೆ ಅದು ಗೊತ್ತಾಗಲಿಲ್ಲ.

ನೆಲದಂತಸ್ತಿನ ಮನೆ ಏಕೆ ಹಿಡಿದೆ? ಬೀದಿಯ ದೂಳು, ಕಳ್ಳರ ಕಾಟ, ಕಿಟಕಿಯಲ್ಲಿ ಇಣುಕುವವರು. ಒಬ್ಬಳೇ ಇರುವವಳಿಗೆ ಮಹಡಿಯೇ ವಾಸಿ. ಕಿಟಕಿಗೆ ದಪ್ಪ ಪರದೆ ಹಾಕು. ಬಟ್ಟೆ ಬೇಕಾದರೆ ಇಲ್ಲಿಂದ ಕಳಿಸುತ್ತೇನೆ, ಹಾಸಿಗೆ ಬಟ್ಟೆಯ ಒಳ್ಳೆಯ ತಾನು ಬಂದಿದೆ.

ಪೆನ್ನು ಸರಿಯಿಲ್ಲ, ಅಕ್ಷರ ಸೊಟ್ಟ ಹೋಗಿದ್ದರೆ ಅದಕ್ಕೇ. ಹೋದ ವಾರ ನಿನ್ನ ತಮ್ಮ ಬಲವಂತ ಮಾಡಿ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಮೆಟ್ಟಿಲ ಮೇಲೆ ಸ್ವಲ್ಪ ಉಸಿರು ಹಿಡಿಯಿತು, ಅದಕ್ಕೆ ಇಷ್ಟು ರಾದ್ಧಾಂತ. ಎದೆಗೆ ತಂತಿಗಳನ್ನೆಲ್ಲ ಅಂಟಿಸಿ ನೋಡಿದರು. ಭಾರ ಎತ್ತಬೇಡಿ ಎಂದರು. ಡಾಕ್ಟರುಗಳು ಎಲ್ಲರಿಗೂ ಹಾಗೇ ಹೇಳುತ್ತಾರೆ. ಮನೆಗೆ ಬಂದು ದೊರೆಯನ್ನು ಮಗ್ಗುಲು ಬದಲಿಸಿದೆ. ಅವನು, "ಯಾಕಮ್ಮಾ ನಿನ್ನ ಉಸಿರು ನಮ್ಮ ಹಿಂಜೋ ಮಿಷನ್ನು ಥರ ಸದ್ದು ಮಾಡ್ತಿದೆ?" ಎಂದ. "ನೀನು ತಿಂದು ದಪ್ಪ ಆಗಿದ್ದೀಯ" ಎಂದೆ.

ನಾನೊಂದು ಪ್ರಶ್ನೆ ಕೇಳುತ್ತೇನೆ. ಅವರಿಬ್ಬರಲ್ಲಿ ಮೊದಲು ಹೋದವರು ಯಾರು? ನಿನ್ನ ವಿದ್ಯೆಯಲ್ಲಿ ಅದು ತಿಳಿಯುತ್ತದೆಯೇ? ಅವಳು ಮೊದಲು ಹೋಗಿದ್ದರೆ, ಆಮೇಲೆ ಅವನ ಗತಿ ಏನಾಯಿತು? ನಿಧಾನವಾಗಿ ನೋಡಿ ಬರೆ. ಇದ್ದದ್ದನ್ನು ಇದ್ದಹಾಗೆ ಬರೆ.

ಅಮ್ಮ


ಮಾರ್ಚ್ ೬

ಅಮ್ಮಾ,

ನೀನು ನನ್ನ ಕೆಲಸದ ಬಗ್ಗೆ ಪ್ರಶ್ನೆ ಕೇಳಿದ್ದು ಇದೇ ಮೊದಲು. ಪತ್ರವನ್ನು ಎರಡು ಸಲ ಓದಿದೆ. ಬೇರೆ ಕೆಲಸ ಬದಿಗಿಟ್ಟು ಅದನ್ನೇ ನೋಡಿದೆ.

ಗೋಡೆಯ ವಿಷಯ ಮೇಲ್ವಿಚಾರಕರಿಗೆ ಹೇಳಿದೆ. ಅವರು ಎಡಚಿ ಎಂಬ ಪದವನ್ನು ತಾವೇ ಹೊಡೆದುಹಾಕಿದರು.

ಅವಳು ಮೊದಲು ಹೋದಳು. ಇದರಲ್ಲಿ ಅನುಮಾನವಿಲ್ಲ. ಅವನ ಗುಂಡಿ ತೋಡುವಾಗ ಅವಳ ಗುಂಡಿಯ ಅಂಚು ಕುಸಿದಿದೆ. ತೋಡಿದವರಿಗೆ ಅವಳ ಕೈ ಸಿಕ್ಕಿರಬೇಕು. ಆ ಬೆರಳಿನ ಮೂಳೆಗಳನ್ನು ಒಟ್ಟುಮಾಡಿ ಅವನ ಭುಜದ ಹತ್ತಿರ ಇಟ್ಟು ಮಣ್ಣು ಮುಚ್ಚಿದ್ದಾರೆ. ನಾವು ಮೊದಲು ಅವು ಅವನದೇ ಬೆರಳು ಎಂದುಕೊಂಡು ಎಣಿಸಿದರೆ ಹೆಚ್ಚಾಗಿ ಬಂದವು.

ಆಮೇಲೆ ಅವನ ಗತಿ. ಮೊದಲ ಸಲ ನೋಡುವಾಗ ಸೊಂಟದ ಮೂಳೆಗೆ ಸುಣ್ಣದಂಥ ಮಣ್ಣು ಗಟ್ಟಿಯಾಗಿ ಕಚ್ಚಿಕೊಂಡಿತ್ತು, ಹುಣ್ಣಿನ ಗುರುತು ಇಲ್ಲ ಎಂದು ನಿನಗೆ ಬರೆದೆ. ಈಗ ಅದರ ಮೇಲ್ಪದರ ತೆಗೆದೆ. ಗುರುತು ಇದೆ ಅಮ್ಮಾ. ಹಾಸಿಗೆಗೆ ತಾಗುವ ಉಬ್ಬಿನ ಮೇಲೆ, ರೂಪಾಯಿ ನಾಣ್ಯದಷ್ಟು ಅಗಲ, ಒರಟು ಒರಟಾಗಿ. ಹುಣ್ಣು ಮಾಂಸ ದಾಟಿ ಮೂಳೆಗೆ ಇಳಿದಿತ್ತು. ವಾಸಿಯಾಗಿದ್ದಂತೆ ಕಾಣುವುದಿಲ್ಲ. ಅವಳು ಇರುವವರೆಗೆ ಅವನ ಮೈ ಹಸನಾಗಿತ್ತು. ಅವಳು ಹೋದಮೇಲೆ ಅವನನ್ನು ಮಗ್ಗುಲು ಬದಲಿಸುವವರು ಯಾರೂ ಇರಲಿಲ್ಲ. ಹೆಚ್ಚು ಕಾಲ ಬದುಕಿರಲಿಕ್ಕಿಲ್ಲ. ನನ್ನ ಲೇಖನಕ್ಕೆ ಇದೇ ಕೊನೆಯ ಭಾಗವಾಗುತ್ತದೆ. ನೀನು ಕೇಳದಿದ್ದರೆ ನಾನು ಅತ್ತ ನೋಡುತ್ತಲೇ ಇರಲಿಲ್ಲವೇನೋ.

ನಾಳೆಯಿಂದ ಅಗೆತದ ಶಿಬಿರಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಫೋನ್ ಇಲ್ಲ, ಟಪಾಲು ತಡವಾಗಿ ಬರುತ್ತದೆ. ಅಣ್ಣನಿಗೆ ಹೇಳು, ಈ ಸಲ ಸಿಕ್ಕಿರುವ ರೋಗಿಗಳಲ್ಲಿ ಒಂದು ನಾಯಿಯೂ ಇದೆ, ಮುರಿದ ಕಾಲು ಕೂಡಿಕೊಂಡಿದೆ, ಅದೂ ಫೀಸು ಕೊಡುವುದಿಲ್ಲ.

ನಿನ್ನ ಮಗಳು


ಮಾರ್ಚ್ ೨೨

ಮಗಳಿಗೆ,

ನಿನ್ನ ಪತ್ರ ಬಂತು. ಸ್ಪಷ್ಟವಾಗಿ ಬರೆದಿದ್ದೀಯ. ನಾನು ಕೇಳಿದ್ದೂ ಅದನ್ನೇ.

ನಾಯಿಯ ಮಾತಿಗೆ ದೊರೆ ನಕ್ಕ.

ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊ.

ಅಮ್ಮ


ಏಪ್ರಿಲ್ ೧೪

ಅಮ್ಮಾ,

ನಿನ್ನ ಪುಟ್ಟ ಪತ್ರ ಸಿಕ್ಕಿತು. ಆ ಮುದುಕಿಯ ಕಥೆಯಿಂದ ಬೇಸರವಾಯಿತೇ? ಅವರು ಸತ್ತು ಎಷ್ಟೋ ಕಾಲವಾಗಿದೆ. ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ನಮಗೂ ಮೊದಲ ವರ್ಷವೇ ಹೇಳಿಕೊಡುತ್ತಾರೆ.

ಇಲ್ಲಿ ಡೇರೆಯಲ್ಲಿ ವಾಸ. ಗಾಳಿ ಬಂದರೆ ಊಟದಲ್ಲಿ ಅರ್ಧ ಮಣ್ಣು. ಅಗೆಯುವವರಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ನನ್ನನ್ನು "ಮೂಳೆ ಮೇಡಂ" ಎನ್ನುತ್ತಾಳೆ. ಮದುವೆ ಆಗಿದೆಯಾ ಎಂದು ದಿನಾ ಕೇಳುತ್ತಾಳೆ, ಇಲ್ಲ ಎಂದರೆ, "ಆಗ್ತಿತ್ತು, ಈ ಕೈ ನೋಡಿ ಓಡಿಹೋಗಿರ್ತಾರೆ" ಎನ್ನುತ್ತಾಳೆ.

ನಿನ್ನ ಮೂರು ತುಂಡಿನ ಹಾಸಿಗೆಯ ಚಿತ್ರವನ್ನು ಲೇಖನದಲ್ಲಿ ಹಾಕಬಹುದೇ? ನಿನ್ನ ಹೆಸರು ಹಾಕಿ ವಂದನೆ ಹೇಳುತ್ತೇನೆ.

[ಇಲ್ಲಿ ಎರಡು ಸಾಲುಗಳನ್ನು ಶಾಯಿಯಿಂದ ದಪ್ಪಗೆ ಹೊಡೆದುಹಾಕಿದೆ]

ಅಣ್ಣನಿಗೆ ಸೆಖೆಯಾಗದಂತೆ ನೋಡಿಕೊ.

ನಿನ್ನ ಮಗಳು


ಮೇ ೧೩

ಮಗಳಿಗೆ,

ಚಿತ್ರ ಹಾಕಿಕೊ. ಹೆಸರು ಬೇಡ. ಹಾಸಿಗೆ ಮಾಡುವವಳ ಹೆಸರು ಹಾಸಿಗೆಯ ಮೇಲೆ ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ಹೊಡೆದುಹಾಕಿದ ಸಾಲುಗಳನ್ನು ಬೆಳಕಿಗೆ ಹಿಡಿದು ನೋಡಿದೆ, ಓದಲಾಗಲಿಲ್ಲ. ಹೇಳುವುದಿದ್ದರೆ ಹೇಳು, ಇಲ್ಲದಿದ್ದರೆ ಬರೆಯಲೇಬೇಡ. ನಡುವೆ ನಿಲ್ಲುವುದು ನನಗೆ ಹಿಡಿಸುವುದಿಲ್ಲ.

ದೊರೆಯನ್ನು ಶುಶ್ರೂಷೆಯ ಮನೆಗೆ ಸೇರಿಸಿದ್ದೇನೆ. ಏಪ್ರಿಲಿನಲ್ಲೇ ಸೇರಿಸಿದೆ. ನಿನಗೆ ತಿಳಿಸಲಿಲ್ಲ, ಕೆಲಸದ ನಡುವೆ ನಿನಗೇಕೆ. ಬಸ್ಸಿನಲ್ಲಿ ಹೋದರೆ ಹತ್ತಿರವೇ. ಸ್ವಚ್ಛವಾದ ಜಾಗ, ಉದ್ದದ ಕೋಣೆ, ಸಾಲಾಗಿ ಮಂಚಗಳು, ಬಿಳಿ ಬಟ್ಟೆಯ ದಾದಿಯರು. ಮಗ್ಗುಲು ಬದಲಿಸುವ ಹೊತ್ತನ್ನು ಮಂಚದ ತಲೆಗೆ ತೂಗುಹಾಕಿದ ಹಲಗೆಯಲ್ಲಿ ಬರೆಯುತ್ತಾರೆ. ನಾನು ಇರುವಾಗಲೇ ಅವನಿಗೆ ಬೇರೆಯವರ ಕೈ ರೂಢಿಯಾಗಬೇಕು. ನಾನು ಹೋದಮೇಲೆ ಹುಡುಕಾಡುವಂತಾಗಬಾರದು. ಆ ಮುದುಕಿ ಇದನ್ನು ಮಾಡಲಿಲ್ಲ. ಅವಳಿಗೆ ಹೇಳುವವರು ಇರಲಿಲ್ಲ. ನನಗೆ ನೀನು ಹೇಳಿದೆ.

ನಿನ್ನ ತಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಸೊಸೆ ಮಾತ್ರ, "ನಾನಿದ್ದೀನಲ್ಲ ಅತ್ತೆ" ಎಂದಳು. "ನೀನಿದ್ದೀಯ, ನಿನಗೆ ನಾಳೆ ಮಕ್ಕಳಾಗ್ತವೆ, ಆಮೇಲೆ?" ಎಂದೆ. ನಿನ್ನನ್ನು ಕೇಳುವ ಮಾತಂತೂ ನನ್ನ ಬಾಯಲ್ಲಿ ಬರುವುದಿಲ್ಲ. ನೀನು ಓದಲು ಹೊರಟ ದಿನವೇ ಹೇಳಿದ್ದೆ, ಈ ಮನೆಯ ಹೊರೆ ನಿನ್ನದಲ್ಲ ಎಂದು. ಕೊಟ್ಟ ಮಾತು.

ಹೊರಡಿಸುವ ದಿನ ದೊರೆ ಏನೂ ಗಲಾಟೆ ಮಾಡಲಿಲ್ಲ. ಗಾಡಿಗೆ ಎತ್ತಿ ಹಾಕುವಾಗ, "ಎಲ್ಲರನ್ನೂ ಕೇಳಿದ್ಯಲ್ಲಮ್ಮಾ, ಎರಡು ಸಾವಿರ ವರ್ಷದ ಹಿಂದಿನೋರನ್ನೂ ಬಿಡ್ಲಿಲ್ಲ. ನನ್ನನ್ನೊಬ್ಬನ್ನ ಕೇಳೋದು ಮರೆತೆ" ಎಂದ.

"ಕೇಳಿದ್ರೆ ಏನಂತಿದ್ದೆ?" ಎಂದೆ.

"ಹಾಸಿಗೆ ಅಂಗಡಿ ಮಗ ಬೇರೆಯೋರ ಹಾಸಿಗೆ ಮೇಲೆ ಮಲಗಿದ್ರೆ ವ್ಯಾಪಾರಕ್ಕೆ ಕೆಟ್ಟ ಹೆಸರು ಅಂತಿದ್ದೆ."

ನಮ್ಮ ಮೂರು ತುಂಡು ಅಲ್ಲಿಯ ಮಂಚದ ಅಳತೆಗೆ ಕೂಡುವುದಿಲ್ಲ ಎಂದರು. ವಾಪಸ್ಸು ತಂದೆ. ವಾರಕ್ಕೆರಡು ಸಲ ಹೋಗಿ ಅವನ ಬೆನ್ನು, ಸೊಂಟ, ಹಿಮ್ಮಡಿ ನೋಡಿ ಬರುತ್ತೇನೆ. ಒಂದು ಕೆಂಪು ಮಚ್ಚೆಯೂ ಇಲ್ಲ. ಊಟ ಮಾತ್ರ ಅರ್ಧಕ್ಕೆ ಬಿಡುತ್ತಾನಂತೆ. ರೂಢಿಯಾಗುತ್ತದೆ. ಕಿಟಕಿ ಮೇಲೆತ್ತರದಲ್ಲಿದೆ, ಬೀದಿ ಕಾಣುವುದಿಲ್ಲ, ಅದೊಂದು ಕೊರತೆ.

ಅಮ್ಮ


ಮೇ ೧೭

ಅಮ್ಮಾ,

ಏಪ್ರಿಲಿನ ಪತ್ರಕ್ಕೆ ನಿನ್ನ ಉತ್ತರ ಇನ್ನೂ ಬಂದಿಲ್ಲ, ಆದರೂ ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ನಾನು ತಪ್ಪು ಬರೆದಿದ್ದೆ.

ಶಿಬಿರಕ್ಕೆ ಬರುವಾಗ ಅವನ ಸೊಂಟದ ಮೂಳೆಯನ್ನು ಕೊಠಡಿಯಲ್ಲೇ ಬಿಟ್ಟು ಬಂದಿದ್ದೆ. ಮೇಲ್ವಿಚಾರಕರು ಅದನ್ನು ದಿನಗಟ್ಟಲೆ ನೆನೆಸಿ, ಕಚ್ಚಿಕೊಂಡಿದ್ದ ಮಣ್ಣನ್ನು ಪೂರ್ತಿ ಬಿಡಿಸಿ, ಎಕ್ಸ್‌ರೇ ತೆಗೆಸಿದ್ದಾರೆ. ಎಕ್ಸ್‌ರೇ ಚಿತ್ರ ಇವತ್ತು ಇಲ್ಲಿಗೆ ಬಂತು. ನಾನು ಒರಟು ಎಂದು ಓದಿದ್ದು ಮೂಳೆಯನ್ನಲ್ಲ, ಉಳಿದುಕೊಂಡಿದ್ದ ಮಣ್ಣನ್ನು. ಅದರ ಕೆಳಗೆ ಹುಣ್ಣಿನ ಅಂಚು ನಯವಾಗಿದೆ. ಸುತ್ತ ಹೊಸ ಮೂಳೆ ಬೆಳೆದು ತುಂಬಿಕೊಂಡಿದೆ. ಹುಣ್ಣು ಆಗಿತ್ತು, ವಾಸಿಯೂ ಆಗಿತ್ತು. ಹಾಗೆ ತುಂಬಿಕೊಳ್ಳಲು ವರ್ಷಗಳು ಬೇಕು. ಅವಳು ಹೋದಮೇಲೆ ಅವನು ವರ್ಷಗಟ್ಟಲೆ ಬದುಕಿದ್ದಾನೆ. ಅವನನ್ನು ಹೂಳುವಾಗ ಅವಳ ಕೈ ಬರೀ ಮೂಳೆಯಾಗಿತ್ತಲ್ಲ, ಅದೂ ಇದನ್ನೇ ಹೇಳುತ್ತಿತ್ತು. ಮೊದಲಿಗೆ ಹೊಸಬರ ಕೈ ತಪ್ಪಿರಬೇಕು. ಆಮೇಲೆ ಯಾರೋ ಕಲಿತರು ಅಮ್ಮಾ. ಯಾರೋ ಕಲಿತು ಅವನನ್ನು ಮಗ್ಗುಲು ಬದಲಿಸಿದರು.

ನೀನು ನಿಧಾನವಾಗಿ ನೋಡು ಎಂದಿದ್ದೆ. ನೀನು ಕೇಳಿದ ಒಂದೇ ಪ್ರಶ್ನೆಗೆ ಬೇಗ ಉತ್ತರ ಕೊಡುವ ಆಸೆಯಲ್ಲಿ ಮೇಲ್ಪದರ ಕೆರೆದು ಬರೆದುಬಿಟ್ಟೆ.

ಚಿತ್ರ ಕೈಯಲ್ಲಿ ಹಿಡಿದುಕೊಂಡಿರುವಾಗಲೇ ಹೊಳೆಯಿತು, ನೀನು ಅದನ್ನು ಏಕೆ ಕೇಳಿದೆ ಎಂದು. ಫೆಬ್ರವರಿಯ ಪತ್ರ ತೆಗೆದು ಓದಿದೆ. ಭಾರ ಎತ್ತಬೇಡಿ ಎಂದದ್ದು ಅದರಲ್ಲೇ ಇದೆ. ಸೊಟ್ಟ ಅಕ್ಷರವೂ ಇದೆ. ಮೂಳೆಯಲ್ಲಿ ಕೂದಲೆಳೆಯಷ್ಟು ಗೀರು ಕಂಡರೆ ನಾನು ಬಿಡುವವಳಲ್ಲ, ಅಮ್ಮನ ಪತ್ರದಲ್ಲಿ ಕಂಡದ್ದನ್ನು ಬಿಟ್ಟೆ.

ಹೊಡೆದುಹಾಕಿದ ಸಾಲು ಈಗ ಬರೆಯುತ್ತೇನೆ. ಆ ನೆಲದಂತಸ್ತಿನ ಮನೆ ಅಣ್ಣನಿಗೆಂದು ಹಿಡಿದದ್ದು. ಬಾಗಿಲನ್ನು ಗಾಲಿಕುರ್ಚಿಯ ಅಗಲಕ್ಕೆ ಅಳೆದು ನೋಡಿ ಹಿಡಿದೆ. ನಾನು ಓದಲು ಹೊರಟ ದಿನ ಹೊರೆ ನಿನ್ನದಲ್ಲ ಎಂದು ನೀನು ಅಂದಾಗ, ಈ ಮನೆಯಲ್ಲಿ ನಿನಗೆ ಪಾಲಿಲ್ಲ ಎಂದ ಹಾಗೆ ಕೇಳಿಸಿತ್ತು ನನಗೆ. ನೀನಾಗಿಯೇ ಕರೆದುಕೊಂಡು ಹೋಗು ಎನ್ನಲಿ ಎಂದು ಕಾಯುತ್ತಿದ್ದೆ.

ಈಗ ಕಾಯುವುದಿಲ್ಲ. ಈ ತಿಂಗಳು ಮುಗಿಯುವಷ್ಟರಲ್ಲಿ ಶಿಬಿರ ಎತ್ತುತ್ತಾರೆ. ನೇರ ಅಲ್ಲಿಗೇ ಬರುತ್ತೇನೆ. ನನಗೆ ಕಲಿಸು. ಅಲ್ಲಿಯವರೆಗೆ ಏನೂ ನಿರ್ಧಾರ ಮಾಡಬೇಡ.

ನಿನ್ನ ಮಗಳು


ಮೇ ೨೯

ಮಗಳಿಗೆ,

ನಿನ್ನ ಪತ್ರ ಬರುವ ಹೊತ್ತಿಗೆ ಅಣ್ಣನನ್ನು ಮಣ್ಣಿಗೆ ಕೊಟ್ಟು ಬಂದಿದ್ದೆವು. ನಿನ್ನ ತಮ್ಮ ಸಂಗ್ರಹಾಲಯಕ್ಕೆ ಫೋನ್ ಮಾಡಿದ. ನೀನು ಶಿಬಿರದಲ್ಲಿದ್ದೀಯ, ಆಳು ಕಳಿಸಿದರೂ ನೀನು ಬಂದು ಸೇರಲು ಮೂರು ದಿನವಾದರೂ ಬೇಕು ಎಂದರಂತೆ. ಅಷ್ಟು ದಿನ ಇಡಲಾಗುವುದಿಲ್ಲ. ಬೇಡ ಎಂದವಳು ನಾನೇ. ಸಿಟ್ಟಿದ್ದರೆ ನನ್ನ ಮೇಲಿರಲಿ.

ಎದೆಯಲ್ಲಿ ಕಫ ಕಟ್ಟಿತು. ಮೊದಲು ನೆಗಡಿ ಎಂದರು, ಆಮೇಲೆ ಜ್ವರ ಎಂದರು. ತಿನ್ನದೆ ಮೈಯಲ್ಲಿ ಶಕ್ತಿಯೇ ಇರಲಿಲ್ಲ. ಕೊನೆಯ ದಿನ ನಾನು ಹೋದಾಗ ಎಚ್ಚರವಿದ್ದ. "ಮಗ್ಗುಲು ಬದಲಿಸಮ್ಮ" ಎಂದ. ದಾದಿ ಈಗಷ್ಟೇ ಬದಲಿಸಿದ್ದಾಳೆ, ಹಲಗೆಯಲ್ಲಿ ಬರೆದಿದೆ ಎಂದೆ. "ಹಲಗೆ ಮೇಲೆ ಬದಲಾಗಿದೆ, ನನಗೆ ಆಗಿಲ್ಲ" ಎಂದು ನಕ್ಕ. ಬದಲಿಸಿದೆ. ಆ ಮಂಚ ಗೋಡೆಗೆ ತಾಗಿಲ್ಲ, ನಡುಕೋಣೆಯಲ್ಲಿದೆ. ಯಾವ ಕಡೆ ನಿಲ್ಲಬೇಕೆಂದು ಒಂದು ಗಳಿಗೆ ನನಗೆ ತಿಳಿಯಲಿಲ್ಲ.

ಆ ದಾದಿಯರ ಮೇಲೆ ದೂರಿಲ್ಲ. ಮೈಯೆಲ್ಲ ನಾನೇ ನೋಡಿದೆ. ಎಲ್ಲೂ ಚರ್ಮ ಕೂಡ ಕೆಂಪಾಗಿರಲಿಲ್ಲ. ಮುಂದೆ ಯಾವತ್ತಾದರೂ ನಿನ್ನಂಥವಳೊಬ್ಬಳು ಅವನನ್ನು ಅಗೆದು ತೆಗೆದು ಕಪ್ಪು ಬಟ್ಟೆಯ ಮೇಲೆ ಹಾಸಿದರೆ, ಕಾಲು ಹೋದವನನ್ನು ಇಷ್ಟು ಕಾಲ ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಬರೆಯುತ್ತಾಳೆ. ಅದು ನಿಜವೇ. ಅವನು ಎಲ್ಲಿ ಸತ್ತ, ಯಾರ ಹಾಸಿಗೆಯ ಮೇಲೆ ಸತ್ತ ಎಂಬುದು ಅವಳಿಗೆ ಸಿಗುವುದಿಲ್ಲ. ಅದು ಮೂಳೆಯಲ್ಲಿ ಇರುವುದಿಲ್ಲ.

ಮನೆಗೆ ತಂದು ತೊಳೆಯುವಾಗ ನನ್ನ ಕೈಯಲ್ಲಿ ಎತ್ತಲಾಗಲಿಲ್ಲ. ಸೊಸೆ ಬಂದಳು. ಕೇಳಲಿಲ್ಲ, ಬಾಗಿಲಲ್ಲಿ ನಿಲ್ಲಲೂ ಇಲ್ಲ, ನೇರ ಒಳಗೆ ಬಂದು ಮೊದಲು ಸೊಂಟದ ಕೆಳಗೆ ಕೈ ಕೊಟ್ಟಳು, ಆಮೇಲೆ ಭುಜ. ಎಳೆಯಲಿಲ್ಲ. ಎತ್ತಿ ಇಟ್ಟಳು. ಹಿಮ್ಮಡಿಯನ್ನು ಸಂದಿಗೆ ಸರಿಸಿದಳು, ಸತ್ತವನಿಗೆ ಅದರ ಅಗತ್ಯವೇನು, ಆದರೂ ಸರಿಸಿದಳು.

"ಯಾರು ಕಲಿಸಿದ್ರು ನಿನಗೆ?" ಎಂದೆ.

"ನೀವೇ ಅತ್ತೆ. ನೀವು ಬೈಯ್ಯೋವಾಗ ಬಾಗಿಲು ಹಾಕ್ತಿರ್ಲಿಲ್ಲವಲ್ಲ" ಎಂದಳು.

ಆಮೇಲೆ ನಿನ್ನ ಪತ್ರ ಬಂತು.

ನೀನು ತಪ್ಪಾಯಿತೆಂದು ಅಳುತ್ತಾ ಕೂರಬೇಡ. ಎರಡು ಸಲವೂ ಕಂಡದ್ದನ್ನೇ ಬರೆದೆ. ಅದನ್ನು ಹಿಡಿದು ನಿರ್ಧಾರ ಮಾಡಿದವಳು ನಾನು. ಪಕ್ಕದಲ್ಲೇ ಇದ್ದವಳಿಗೆ ಹೇಳಿಕೊಡಲಿಲ್ಲ, ದೂರ ಇದ್ದವಳನ್ನು ಕೇಳಲಿಲ್ಲ, ಮಲಗಿದ್ದವನನ್ನೂ ಕೇಳಲಿಲ್ಲ. ಆ ಮುದುಕಿ ಕೇಳಿದ್ದಿರಬೇಕು. ಅಥವಾ ಅವಳ ಮನೆಯಲ್ಲೂ ಒಬ್ಬಳು ಬಾಗಿಲಲ್ಲಿ ನಿಂತು ನೋಡಿ ಕಲಿತಿರಬೇಕು. ಅವಳು ಯಾರೆಂದು ಹುಡುಕು. ಅವಳ ಗುಂಡಿಯೂ ಅಲ್ಲೇ ಸುತ್ತಮುತ್ತ ಇರುತ್ತದೆ. ಭುಜ ನೋಡು, ಗೊತ್ತಾಗುತ್ತದೆ.

ಮತ್ತೊಂದು ಮಾತು. ನಿಮ್ಮ ಕೆಲಸ ಮುಗಿದಮೇಲೆ ಅವರಿಬ್ಬರನ್ನು ಪೆಟ್ಟಿಗೆಯಲ್ಲಿ ಇಡುತ್ತೀರಂತಲ್ಲ. ಆ ಕೈಯ ಮೂಳೆಗಳನ್ನು ಅವಳ ಪೆಟ್ಟಿಗೆಗೆ ಹಾಕಬೇಡ. ಅವನ ಹತ್ತಿರವೇ ಇರಲಿ.

ಅಮ್ಮ


ಜೂನ್ ೨೫

ಮಗಳಿಗೆ,

ನೀನು ಬಂದು ಹೋದಮೇಲೆ ಮನೆ ಬಿಕೋ ಎನ್ನುತ್ತದೆ ಎಂದು ನಿನ್ನ ತಮ್ಮ ಹೇಳುತ್ತಾನೆ. ನಾಲ್ಕು ದಿನ ಇದ್ದೆ, ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಕಾಗದದ ಮೇಲೆ ನಾವು ಇನ್ನೂ ಸ್ವಲ್ಪ ಧೈರ್ಯವಂತರು.

ನೀನು ಬಸ್ಸು ಹತ್ತಿದ ಮಾರನೆಯ ದಿನ ಅಂಗಡಿಯ ಮೆಟ್ಟಿಲ ಮೇಲೆ ಕುಸಿದೆ. ಗಾಬರಿಯಾಗಬೇಡ, ಇದನ್ನು ನಾನೇ ಬರೆಯುತ್ತಿದ್ದೇನೆ, ಮಲಗಿಕೊಂಡು ಬರೆಯುವುದರಿಂದ ಅಕ್ಷರ ಹೀಗಿದೆ. ಈ ಸಲ ಪೆನ್ನಿನ ಮೇಲೆ ಹಾಕುವುದಿಲ್ಲ. ಡಾಕ್ಟರು ಮನೆಗೇ ಬಂದು, ಹಾಸಿಗೆ ಬಿಟ್ಟು ಏಳಬೇಡಿ, ಭಾರ ಎತ್ತಬೇಡಿ ಎಂದು ಮತ್ತೆ ಹೇಳಿದರು. ಎತ್ತಲು ಏನೂ ಉಳಿದಿಲ್ಲ ಎಂದೆ.

ಬಂದು ಕರೆದುಕೊಂಡು ಹೋಗುತ್ತೇನೆ ಎಂದು ನೀನು ಬರೆಯುವ ಮೊದಲೇ ಹೇಳುತ್ತೇನೆ, ಬಾ. ಕರೆಯುತ್ತಿದ್ದೇನೆ. ಆದರೆ ನಾನು ಅಷ್ಟು ದೂರ ಬರಲಾರೆ. ಆ ಅಗಲ ಬಾಗಿಲ ಮನೆಯನ್ನು ಬಿಡಬೇಡ, ಬೆಳಕು ಚೆನ್ನಾಗಿದೆ ಎಂದೆಯಲ್ಲ. ಪರದೆಯ ಬಟ್ಟೆ ಕಟ್ಟಿಟ್ಟಿದ್ದೇನೆ, ಬಂದಾಗ ತೆಗೆದುಕೊಂಡು ಹೋಗು.

ಈಗ ಮಲಗಿರುವುದು ಅವನ ಕೋಣೆಯಲ್ಲಿ, ಅವನ ಮೂರು ತುಂಡಿನ ಮೇಲೆ. ಸೊಂಟದ ತುಂಡನ್ನು ಸೊಸೆ ಬಿಚ್ಚಿ ಹತ್ತಿ ಹಿಂಜಿಸಿ ಮತ್ತೆ ತುಂಬಿದ್ದಾಳೆ. ಹೊಲಿಗೆ ಸ್ವಲ್ಪ ಹತ್ತಿರ ಹತ್ತಿರ ಬಿತ್ತು, ಹೇಳಿದ್ದೇನೆ, ಮುಂದಿನ ಸಲ ಸರಿಮಾಡುತ್ತಾಳೆ. ಕಿಟಕಿಯಿಂದ ಎದುರಂಗಡಿಯ ದರ್ಜಿ ಕಾಣುತ್ತಾನೆ. ದೊರೆ ಇಷ್ಟು ವರ್ಷ ಇದನ್ನೇ ನೋಡಿಕೊಂಡು ಇಷ್ಟೊಂದು ಜೋಕು ಹೇಗೆ ಹುಟ್ಟಿಸುತ್ತಿದ್ದನೋ ತಿಳಿಯದು.

ಹೊತ್ತಿಗೆ ಸರಿಯಾಗಿ ಸೊಸೆ ಬಂದು ಮಗ್ಗುಲು ಬದಲಿಸುತ್ತಾಳೆ. ಮೊದಲು ಸೊಂಟ, ಆಮೇಲೆ ಭುಜ. ನಾನು ಗೋಡೆಯ ಕಡೆ ಮುಖ ಮಾಡಿಕೊಂಡಿರುತ್ತೇನೆ.

ಅವಳ ಕೈ ಬಿರುಸಲ್ಲ.

ಅಮ್ಮ